ಆ ಹುಡುಗ ದೊಡ್ಡವನಾದ ಮೇಲೆ ಕೇಳಿದರೆ

ಪೆರ್ಲ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಅಡಿಕೆ ರೇಟು, ಅಪ್ಪನ ಮಂಡಿನೋವು, ಇಲ್ಲಿಯ ಮಳೆ ಎಲ್ಲ ಫೋನಿನಲ್ಲಿ ಮಾತಾಡಿ ಆಗಿದೆ. ಮತ್ತೆ ಬರೆಯುವುದಿಲ್ಲ. ನಿನ್ನ ಹತ್ತಿರ ಥೆರಪಿಗೆ ಬರುವ ಹುಡುಗ ಅಂಗಿ ತೊಡುವ ವಿಡಿಯೋವನ್ನು ನೀನು ರೀಲಾಗಿ ಹಾಕಿದ್ದೀಯಲ್ಲ, ಅದರ ಬಗ್ಗೆ ಕಾಗದದ ಕೊನೆಗೆ ಒಂದು ಮಾತು ಬರೆದಿದ್ದೀ, "ಆ ಹುಡುಗ ದೊಡ್ಡವನಾದ ಮೇಲೆ ವಿಡಿಯೋ ನೋಡಿ, ನನ್ನನ್ನು ಕೇಳಿದ್ರಾ ಅಂದರೆ ನಾನೇನು ಹೇಳಲಿ ದೊಡ್ಡಮ್ಮ" ಅಂತ. ಅದರ ಕೆಳಗೆ, "ಎಲ್ಲ ಅಳಿಸಿ ಸುಮ್ನೆ ಇದ್ದುಬಿಡೋಣ ಅನಿಸ್ತಿದೆ" ಅಂತ. ಅದನ್ನು ಓದಿದ ಮೇಲೆ ನನಗೆ ಸರಿಯಾಗಿ ನಿದ್ದೆ ಹತ್ತುತ್ತಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ನಿನ್ನ ಹೆದರಿಕೆ ಸುಳ್ಳಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. "ಅವಳು ಎಲ್ಲದಕ್ಕೂ ಜಾಸ್ತಿ ಯೋಚಿಸ್ತಾಳೆ" ಅಂದಳು ನಿನ್ನ ಅಮ್ಮ. ನನಗೆ ಹಾಗೆ ಅನಿಸಲಿಲ್ಲ. ನೀವು ಓಟಿಯವರೆಲ್ಲ, ಅಂದರೆ ಆಕ್ಯುಪೇಶನಲ್ ಥೆರಪಿಯವರೆಲ್ಲ, ಸೇರಿ ಅನುಭವ ಹಂಚಿಕೊಂಡ ದಿನದ ಬಗ್ಗೆ ಬರೆದಿದ್ದೀಯಲ್ಲ, ಅದನ್ನೂ ನಿಧಾನವಾಗಿ ಓದಿದೆ. ರೀಲ್ ನೋಡಿ ಸಂಶಯ ಬಂದು, ಮಗುವನ್ನು ಬೇಗನೆ ಕರೆತಂದ ಅಪ್ಪ ಅಮ್ಮನ ಸಂಗತಿ ಒಬ್ಬಳು ಹೇಳಿದಳು. ಮಗುವಿನ ವಿಡಿಯೋ ನೆಂಟರ ವಾಟ್ಸಾಪಿನಲ್ಲೆಲ್ಲ ಓಡಾಡಿ, ಮದುವೆಮನೆಯಲ್ಲಿ ಪ್ರತಿಯೊಬ್ಬರೂ ಅದನ್ನೇ ಕೇಳಿದರು ಅಂತ ಅತ್ತ ತಾಯಿಯ ಸಂಗತಿ ಇನ್ನೊಬ್ಬಳು ಹೇಳಿದಳು. ಇಬ್ಬರೂ ಒಳ್ಳೆಯದು ಮಾಡಲು ಹೊರಟವರೇ. ನೀನು ಎರಡನ್ನೂ ಕೇಳಿಸಿಕೊಂಡು ಎದ್ದು ಬಂದಿದ್ದೀ. ಅಲ್ಲಿಂದ ಶುರುವಾಗಿದೆ ಇದು.

ನಿನ್ನ ವಿಡಿಯೋವನ್ನು ನಾನು ಮತ್ತೆ ನೋಡಿದೆ. ಹುಡುಗ ಬಲ ಇಲ್ಲದ ಕೈಯನ್ನು ಮೊದಲು ಅಂಗಿಯ ತೋಳಿಗೆ ತೂರಿಸುತ್ತಾನೆ, ಆಮೇಲೆ ಒಳ್ಳೆಯ ಕೈ. ಗುಂಡಿಗಳನ್ನೆಲ್ಲ ನೀನು ಹಾಕಿ, ಕೊನೆಯದೊಂದನ್ನು ಅವನಿಗೆ ಬಿಟ್ಟಿದ್ದೀ. ಕೆಲಸ ಮುಗಿಸಿದ ಖುಷಿ ಮಗುವಿನದೇ ಆಗಬೇಕು, ಅದಕ್ಕೆ ಕೊನೆಯ ಹೆಜ್ಜೆಯಿಂದ ಕಲಿಸುತ್ತಾ ಹಿಂದಕ್ಕೆ ಬರುವುದು ಅಂತ ನೀನು ಒಮ್ಮೆ ವಿವರಿಸಿದ್ದೆ. ಎಷ್ಟು ಚಂದದ ಕ್ರಮ ಅದು! ಹುಡುಗ ನಾಲಿಗೆಯ ತುದಿ ಕಚ್ಚಿಕೊಂಡು ಹೆಬ್ಬೆರಳಿನಿಂದ ಗುಂಡಿ ಒತ್ತುತ್ತಾನೆ. ಜಾರುತ್ತದೆ. ಮತ್ತೆ ಒತ್ತುತ್ತಾನೆ. ನಡುವೆ ಒಂದು ಸಲ ತಲೆ ಎತ್ತಿ ಫೋನಿನ ಕಡೆ ನೋಡುತ್ತಾನೆ. ಕೈ ಕೆಳಗಿಳಿಯುತ್ತದೆ. ಮುಖ ಅಮ್ಮನ ಸೀರೆಯ ಕಡೆ ತಿರುಗುತ್ತದೆ. ಆಮೇಲೆ ಮತ್ತೆ ಗುಂಡಿ.

ನೋಡಿದವರೆಲ್ಲ ಗುಂಡಿ ಬಿದ್ದದ್ದನ್ನು ನೋಡಿ ಖುಷಿಪಟ್ಟಿದ್ದಾರೆ. ಅವನು ಮುಖ ತಿರುಗಿಸಿದ್ದನ್ನು ನೀನು ನೋಡಿದ್ದೀ. ನಿನ್ನ ಹೆದರಿಕೆ ಹುಟ್ಟಿದ್ದು ಅಲ್ಲೇ, ಅಲ್ವಾ?

ನಮ್ಮ ಕಾಸರಗೋಡಿನ ಗೇರುಗುಡ್ಡೆಯ ಮದ್ದಿನ ಕಥೆ ನಿನಗೆ ಹೇಳಬೇಕಾಗಿಲ್ಲ. ಗೇರುತೋಟಕ್ಕೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ, ಪಡ್ರೆಯ ತೋಡು, ಸುರಂಗದ ನೀರು, ಅದನ್ನೆಲ್ಲ ಕೇಳುತ್ತಲೇ ಬೆಳೆದವಳು ನೀನು. ಆದರೆ ಫೋಟೋದವರು ಬಂದ ಕಾಲ ನಿನಗೆ ನೆನಪಿರಲಿಕ್ಕಿಲ್ಲ. ಇಪ್ಪತ್ತಕ್ಕೂ ಹೆಚ್ಚು ವರ್ಷ ಮೇಲಿಂದ ಸುರಿದದ್ದು 2000ದ ಹೊತ್ತಿಗೆ ನಿಂತಿತು. ನಿಂತ ಮೇಲೆ ಜೀಪುಗಳು ಬರತೊಡಗಿದವು. ದೂರದೂರದ ಪತ್ರಿಕೆಯವರು, ಟಿವಿಯವರು. ಅವರಿಗೆ ಕನ್ನಡವೂ ಬಾರದು, ತುಳುವೂ ಬಾರದು. ನಾನು ಶಾಲೆಯ ಟೀಚರ್ ಅಂತ ನನ್ನನ್ನು ಮನೆಮನೆಗೆ ಕರೆದುಕೊಂಡು ಹೋಗುತ್ತಿದ್ದರು.

ಗುಡ್ಡೆಯ ಬುಡದಲ್ಲಿ ಒಂದು ಮನೆ. ಎಂಟು ವರ್ಷದ ಹುಡುಗಿ, ಕೂರಲು ಆಗುತ್ತಿರಲಿಲ್ಲ, ಜಗಲಿಯ ಚಾಪೆಯಲ್ಲೇ ಇರುತ್ತಿದ್ದಳು. ಜೀಪಿನ ಶಬ್ದ ಕೇಳಿ ಅವಳ ಅಮ್ಮ ಮುಖ ಒರೆಸಿದಳು, ಪೌಡರ್ ಹಾಕಿದಳು, ಜಾತ್ರೆಗೆ ತೆಗೆದ ಫ್ರಾಕು ತೊಡಿಸಿ ಕೂದಲಿಗೆ ಕೆಂಪು ರಿಬ್ಬನ್ ಕಟ್ಟಿದಳು. ಫೋಟೋದವರು ನನ್ನ ಹತ್ತಿರ ಹೇಳಿದರು, ಮೊದಲು ಹೇಗಿದ್ದಳೋ ಹಾಗೇ ಇರಲಿ ಅನ್ನಿ ಅಂತ. ನಾನು ತುಳುವಿನಲ್ಲಿ ಹೇಳಿದೆ. ಆ ತಾಯಿ ಏನೂ ಮಾತಾಡಲಿಲ್ಲ. ರಿಬ್ಬನ್ ಬಿಚ್ಚಿದಳು. ಹುಡುಗಿ ಗೋಡೆಯ ಕಡೆ ಮುಖ ಮಾಡಿದಳು. ಅವರು ಸುತ್ತಿ ಹೋಗಿ ಗೋಡೆಯ ಕಡೆಯಿಂದ ತೆಗೆದರು. ಅಷ್ಟು ಹೊತ್ತೂ ಆ ರಿಬ್ಬನ್ ತಾಯಿಯ ಮುಷ್ಟಿಯೊಳಗಿತ್ತು.

ಅವರನ್ನು ಕೆಟ್ಟವರು ಅನ್ನಲು ನನಗೆ ಬಾಯಿ ಬರುವುದಿಲ್ಲ. ಅಂಥ ಫೋಟೋಗಳಿಲ್ಲದಿದ್ದರೆ ಈ ಮೂಲೆಯ ಮಾತನ್ನು ಯಾರು ನಂಬುತ್ತಿದ್ದರು? 2011ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ಸೇರಿದ ದೇಶಗಳು ಎಂಡೋಸಲ್ಫಾನನ್ನು ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ, ಅಂದರೆ ಲೋಕವೆಲ್ಲ ನಿಲ್ಲಿಸಬೇಕಾದ ವಿಷಗಳ ಪಟ್ಟಿಗೆ, ಸೇರಿಸಿದವು. ಮರು ತಿಂಗಳೇ ನಮ್ಮ ಸುಪ್ರೀಂ ಕೋರ್ಟೂ ಅದನ್ನು ತಡೆಯಿತು. ಅದರ ಹಿಂದೆ ಈ ಮಕ್ಕಳ ಮುಖಗಳೂ ಇದ್ದವು. ಇಲ್ಲ ಅನ್ನಲಾಗದು.

ಆದರೆ ಆ ಹುಡುಗಿ ತೀರಿಕೊಂಡು ಬಹಳ ಕಾಲವಾಯಿತು, ಫೋಟೋ ಇನ್ನೂ ಇದೆ. 2017ರಲ್ಲಿ ಸುಪ್ರೀಂ ಕೋರ್ಟು ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕು ಅಂದಾಗಲೂ ಅದು ಮತ್ತೆ ಬಂತು. ಅವಳ ತಮ್ಮ ಈಗ ಮಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಆ ದಿನ ನನಗೆ ಫೋನ್ ಮಾಡಿ, "ಟೀಚರೇ, ಅಕ್ಕನದು ಬೇರೆ ಫೋಟೋ ನಮ್ಮಲ್ಲಿ ಒಂದೂ ಇಲ್ಲ" ಅಂದ. ಬೇರೇನೂ ಹೇಳಲಿಲ್ಲ. ನನಗೂ ಏನು ಹೇಳಲು ತೋಚಲಿಲ್ಲ. ನಿನ್ನ ಕಾಗದದ ಆ ಸಾಲು ಓದುವಾಗ ನನ್ನ ಕಿವಿಯಲ್ಲಿ ಇದ್ದದ್ದು ಅವನ ದನಿ. ನೀನು ಹೆದರುವ ಪ್ರಶ್ನೆಯನ್ನು ಒಬ್ಬ ಹುಡುಗ ನಿಜವಾಗಿಯೂ ಕೇಳಿದ್ದಾನೆ ಪುಟ್ಟಿ, ತನ್ನ ಅಕ್ಕನ ಪರವಾಗಿ.

ಸಂಶೋಧನೆಯವರೂ ಇಲ್ಲಿಗೆ ಬಂದಿದ್ದರು. ಅಹಮದಾಬಾದಿನ ಔದ್ಯೋಗಿಕ ಆರೋಗ್ಯ ಸಂಸ್ಥೆಯವರ ವರದಿ 2003ರಲ್ಲಿ ಅಮೆರಿಕದ ಒಂದು ಪತ್ರಿಕೆಯಲ್ಲಿ ಅಚ್ಚಾಯಿತು. ಗೇರುತೋಟದ ಬುಡದ ಊರಿನ 117 ಶಾಲಾ ಹುಡುಗರು, ಮದ್ದು ಬೀಳದ ಊರಿನ 90 ಹುಡುಗರು, ಎಲ್ಲ 10ರಿಂದ 19 ವರ್ಷದವರು. ರಕ್ತದಲ್ಲಿ ಮದ್ದಿನ ಅಂಶ ಎಷ್ಟಿದೆ, ಹುಡುಗರು ಪ್ರಾಯಕ್ಕೆ ಬರುವುದು ತಡವಾಗುತ್ತಿದೆಯಾ ಅಂತ ನೋಡಿದ್ದರು. ತಡವಾಗುತ್ತಿದೆ ಅಂತ ಗೊತ್ತಾಯಿತು. ಆ ವಯಸ್ಸಿನ ಹುಡುಗರಿಗೆ ಅದು ಎಷ್ಟು ನಾಚಿಕೆಯ ವಿಷಯ ಅಂತ ಯೋಚಿಸು. ಆದರೂ ಆ 117 ಜನ ಇವತ್ತು ಪೆರ್ಲ ಪೇಟೆಯಲ್ಲಿ ರಿಕ್ಷಾ ಓಡಿಸುತ್ತಿರಬಹುದು, ಅಂಗಡಿ ಇಟ್ಟಿರಬಹುದು, ಮಕ್ಕಳ ಅಪ್ಪಂದಿರಾಗಿರಬಹುದು. ಯಾರು ಅಂತ ನಮಗೆ ಗೊತ್ತಿಲ್ಲ. ಅವರ ಸಂಕಟ ಲೋಕಕ್ಕೆ ತಿಳಿಯಿತು, ಅವರು ಮಾತ್ರ ಜನರ ನಡುವೆ ಆರಾಮಾಗಿ ಓಡಾಡಿಕೊಂಡಿದ್ದಾರೆ. ಆ ಹುಡುಗಿಗೆ ಈ ಭಾಗ್ಯ ಸಿಗಲಿಲ್ಲ.

ಇದನ್ನು ಹೇಳುವುದು ಯಾಕೆಂದರೆ, ನಿನ್ನ ಸಂಶೋಧನೆಯ ಕಾಗದಪತ್ರದ ಬಗ್ಗೆ ನೀನೇ ಬರೆದಿದ್ದೀ. ಏಳು ವರ್ಷ ದಾಟಿದ ಮಗುವಾದರೆ ಅಪ್ಪ ಅಮ್ಮನ ಸಹಿ ಮಾತ್ರ ಸಾಲದು, ಮಗುವನ್ನೂ ಬಾಯಲ್ಲಿ ಕೇಳಬೇಕು, 12 ದಾಟಿದರೆ ಬರಹದಲ್ಲೇ ಒಪ್ಪಿಗೆ ಬೇಕು ಅಂತ ಐಸಿಎಂಆರ್, ಅಂದರೆ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿಯ, 2017ರ ಮಾರ್ಗಸೂಚಿ ಇದೆಯಂತೆ. ಮಕ್ಕಳು ಹೇಗೆ ಆಡುತ್ತಾರೆ ಅಂತ ನೋಡಿ ಬರೆದುಕೊಳ್ಳಲಿಕ್ಕೇ ಇಷ್ಟು ಕೇಳಬೇಕು. ಅದೇ ಮಗುವನ್ನು ಊರಿಗೆಲ್ಲ ತೋರಿಸುವ ರೀಲಿಗೆ ಅಮ್ಮನ ಒಂದು "ಹಾಕಿ ಮೇಡಂ" ಸಾಕಾಯಿತು. 2023ರ ಡೇಟಾ ಕಾನೂನು 18 ವರ್ಷದೊಳಗಿನವರಿಗೆ ತಂದೆತಾಯಿಯ ಒಪ್ಪಿಗೆ ಬೇಕು ಅನ್ನುತ್ತದೆ. ಒಪ್ಪಿಗೆ ಸಿಕ್ಕಿದೆ, ನಿನ್ನದು ತಪ್ಪೇನಿಲ್ಲ. ಆದರೂ ನಿನ್ನ ಮನಸ್ಸು ಒಪ್ಪುತ್ತಿಲ್ಲ. ಒಪ್ಪಬಾರದು ಅಂತಲೇ ನನಗೂ ಅನಿಸುತ್ತದೆ. ತಾಯಿ ಒಪ್ಪುವುದು ಇನ್ನೊಂದು ತಾಯಿಗೆ ಧೈರ್ಯ ಬರಲಿ ಅಂತ. ನಿನ್ನ ಮೇಲಿನ ಕೃತಜ್ಞತೆಗೂ ಇರಬಹುದು. ವಾರ ವಾರ ನಿನ್ನ ಹತ್ತಿರವೇ ಬರಬೇಕಾದವಳು ನಿನಗೆ ಬೇಡ ಅನ್ನಲು ಸಾಧ್ಯವಾ ಹೇಳು.

ಇಷ್ಟೆಲ್ಲ ಹೇಳಿ ಇನ್ನೊಂದನ್ನು ಹೇಳದಿದ್ದರೆ ನೀನು ನಿಜವಾಗಿಯೂ ಎಲ್ಲ ಅಳಿಸಿಬಿಡುತ್ತೀ ಅಂತ ನನಗೆ ಭಯ. ನನ್ನ ನಿದ್ದೆ ಕೆಡಿಸಿದ್ದು ಮುಖ್ಯವಾಗಿ ಅದೇ.

ನೀನು ಚಮಚದ ವಿಡಿಯೋ ಹಾಕಿದ್ದೆಯಲ್ಲ. ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡುವುದು, ತಟ್ಟೆ ಜಾರದ ಹಾಗೆ ಅಡಿಗೆ ಒದ್ದೆ ಬಟ್ಟೆ ಹಾಸುವುದು. ಅದರಲ್ಲಿ ಯಾವ ಮಗುವೂ ಇಲ್ಲ, ನಿನ್ನ ಎರಡು ಕೈ ಮಾತ್ರ. ನಮ್ಮ ಬಡ್ಸ್ ಶಾಲೆಗೆ, ಅದೇ ಪಂಚಾಯತಿನ ವಿಶೇಷ ಮಕ್ಕಳ ಶಾಲೆಗೆ, ಹೋಗುವ ಒಬ್ಬ ಹುಡುಗನ ಅಮ್ಮನಿಗೆ ನಾನು ಅದನ್ನು ತೋರಿಸಿದ್ದೆ. ಅವಳು ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿ ಚಮಚಕ್ಕೆ ಸುತ್ತಿದಳು. ಈಗ ಹುಡುಗ ಗಂಜಿಯ ಅರ್ಧ ತಾನೇ ಉಣ್ಣುತ್ತಾನೆ, ಉಳಿದರ್ಧ ಚೆಲ್ಲುತ್ತಾನೆ. ಅವಳಿಗೆ ಚೆಲ್ಲಿದ್ದನ್ನು ಒರೆಸುವುದೂ ಸಂತೋಷ. ಇಲ್ಲಿಂದ ಮಂಗಳೂರಿಗೆ ಥೆರಪಿಗೆ ಅಂತ ಹೋದರೆ ಒಂದು ದಿನದ ಕೆಲಸ ಹೋಯಿತು. ಬೀಡಿ ಕಟ್ಟುವ ಹೆಂಗಸು ಎಷ್ಟು ದಿನ ಹಾಗೆ ಹೋಗಿಬಂದಾಳು? ನೀನು ಸುಮ್ಮನಾದರೆ ಅವಳಿಗೆ ಏನು ದಾರಿ?

ನನಗೆ ದಿನವೂ ಕಾಡುವುದು ಇದೇ. ಆ ಹುಡುಗಿ ಎಂಟು ವರ್ಷ ಚಾಪೆಯಲ್ಲೇ ಇದ್ದಳು. ಸೊಂಟ ಹಿಂದಕ್ಕೆ ಸರಿಯಾಗಿ ಆನಿಸಿ, ಬದಿಗೆ ಆಧಾರ ಕೊಟ್ಟು, ಪಾದದ ಅಡಿಗೆ ಹಲಗೆ ಇಟ್ಟರೆ ಕೆಲವು ಮಕ್ಕಳು ಕೂರಬಲ್ಲರು ಅಂತ ನಾನು ತಿಳಿದದ್ದು ನೀನು ಮಣಿಪಾಲದಲ್ಲಿ ಓದುವಾಗ. ಅವಳೂ ಕೂರುತ್ತಿದ್ದಳೋ ಏನೋ. ಕೂತಿದ್ದರೆ ದಾರಿಯಲ್ಲಿ ಹೋಗುವವರನ್ನು ನೋಡಬಹುದಿತ್ತು, ನಮ್ಮ ಶಾಲೆಯ ಮಕ್ಕಳು ಅದೇ ದಾರಿಯಲ್ಲಿ ಹೋಗುತ್ತಿದ್ದರು. ಊರಿಗೆ ಕ್ಯಾಮರಾ ಬಂತು, ಮಂತ್ರಿಗಳು ಬಂದರು, ಅವಳನ್ನು ಕೂರಿಸಲು ತಿಳಿದವರು ಒಬ್ಬರೂ ಬರಲಿಲ್ಲ. 1950ರಿಂದಲೇ ಮುಂಬೈಯಲ್ಲಿ ಕಮಲಾ ನಿಂಬ್ಕರ್ ಈ ವಿದ್ಯೆ ಕಲಿಸಲು ಶುರು ಮಾಡಿದ್ದರು ಅಂತ ನೀನು ಹೇಳಿದಾಗ ನನಗೆ ಅಳು ಬಂದಿತ್ತು, ನೆನಪಿದೆಯಾ? ಯಾಕೆ ಅಂತ ನೀನು ಕೇಳಿದೆ, ನಾನು ಹೇಳಲಿಲ್ಲ. ಇದಕ್ಕೇ.

ಹಾಗಾದರೆ ಏನು ಮಾಡಬೇಕು ಅಂತ ನೀನು ಕೇಳುತ್ತೀ. ನಿನ್ನ ಕೆಲಸ ನಿನಗೇ ಚೆನ್ನಾಗಿ ಗೊತ್ತು, ನಾನು ಹೇಳುವುದು ದೊಡ್ಡ ಮಾತೇನಲ್ಲ. ಸರಿ ಕಂಡರೆ ತಗೋ. ಗುಂಡಿಯ ಆ ವಿಡಿಯೋ ಒಂದನ್ನು ತೆಗೆದುಬಿಡು. ತೆಗೆಯುವ ಮೊದಲು ತಾಯಿಗೆ ಹೇಳು, ಇಲ್ಲವಾದರೆ ತನ್ನಿಂದ ಏನೋ ಆಯಿತು ಅಂತ ಅವಳು ನೊಂದುಕೊಳ್ಳುತ್ತಾಳೆ. ಅದೇ ಪಾಠವನ್ನು ಬೇರೆ ರೀತಿ ತೋರಿಸಬಹುದು, ಅಂಗಿ ಮತ್ತು ನಿನ್ನ ಕೈ ಸಾಕು. ಮಗುವಿನ ಕೈ ಬೇಕೇ ಬೇಕು ಅಂದರೆ ಕೈ ಮಾತ್ರ ಇರಲಿ. ಹೆಸರು, ಯೂನಿಫಾರ್ಮು, ಮನೆಯ ಗೋಡೆ ಕಾಣಬಾರದು. ನಮ್ಮಂಥ ಊರಿನಲ್ಲಿ ಗೋಡೆ ಕಂಡರೂ ಮನೆ ಯಾವುದು ಅಂತ ಗೊತ್ತಾಗುತ್ತದೆ.

ಮಗುವನ್ನು ಕೇಳು. ಮಾತು ಬಾರದ ಮಗುವನ್ನು ಹೇಗೆ ಕೇಳುವುದು ಅಂತ ನಿಮ್ಮ ಗೆಳತಿ ಕೇಳಿದಳಂತೆ. ಮಾತು ಬಾರದ ಮಕ್ಕಳ ಬೇಕು ಬೇಡಗಳನ್ನು ದಿನವಿಡೀ ತಿಳಿದುಕೊಳ್ಳುವವರು ನೀವು. ಚಮಚ ಬಾಯಿಯ ಹತ್ತಿರ ತಂದಾಗ ಮುಖ ತಿರುಗಿಸಿದರೆ ಬೇಡ ಅಂತ ಅರ್ಥ ಮಾಡಿಕೊಳ್ಳುತ್ತೀರಿ. ಫೋನಿಗೆ ಮುಖ ತಿರುಗಿಸಿದರೂ ಅದೇ. ಇವತ್ತು ಹೂಂ ಅಂದ ಮಗುವನ್ನು ಮುಂದಿನ ವರ್ಷ ಮತ್ತೆ ಕೇಳು. ಸಂಶೋಧನೆಗೆ ತೆಗೆದದ್ದನ್ನು ರೀಲಿಗೆ ತರಬೇಡ, ರೀಲಿಗೆ ಅಂತ ತೆಗೆದದ್ದನ್ನು ಸಂಶೋಧನೆಗೆ ಒಯ್ಯಬೇಡ. ಇದು ನಿಮ್ಮ ಗೈಡ್ ಹೇಳಿಯೇ ಇರುತ್ತಾರೆ. ಇನ್ನೊಂದು ವಿಷಯ, ಯಾರಾದರೂ ತಾಯಿ ಯಾವಾಗ ಬಂದು ವಿಡಿಯೋ ಅಳಿಸಿ ಅಂದರೂ ಕಾರಣ ಕೇಳದೆ ಅಳಿಸಿ ಅಂತ ನಿಮ್ಮ ಗುಂಪಿನಲ್ಲಿ ಹೇಳಿ ನೋಡು. ಎಲ್ಲರೂ ಒಪ್ಪದಿದ್ದರೂ ಪರವಾಗಿಲ್ಲ.

ಇನ್ನು ಅವನು ದೊಡ್ಡವನಾಗಿ ಕೇಳಿದರೆ? ಕೇಳಲಿ. ಕೇಳುವಷ್ಟು ಬೆಳೆದಿದ್ದಾನೆ ಅಂತ ಮೊದಲು ಸಂತೋಷಪಡು. "ನೀನು ಮುಖ ತಿರುಗಿಸಿದ್ದು ನನಗೆ ಕಂಡಿತು, ಅದಕ್ಕೇ ವಿಡಿಯೋ ಅಳಿಸಿದೆ" ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳು. ಅವನಿಗೆ ಸಾಕಾಗಬಹುದು, ಸಾಕಾಗದೆಯೂ ಇರಬಹುದು. ಆ ತಮ್ಮನಿಗೆ ಅಷ್ಟನ್ನಾದರೂ ಹೇಳುವವರು ಯಾರೂ ಇರಲಿಲ್ಲ.

ಈಗ ಒಂದು ಕೆಲಸ ಹೇಳುತ್ತೇನೆ. ಚಮಚದ ಆ ಹುಡುಗನ ಅಮ್ಮ, ಅವನನ್ನು ಉಣ್ಣಲು ಹೇಗೆ ಕೂರಿಸಬೇಕು ಅಂತ ಕೇಳುತ್ತಿದ್ದಾಳೆ. ಈಗ ಗೋಡೆಗೆ ಒರಗಿಸಿ ಕೂರಿಸುತ್ತಾಳೆ, ಅವನು ಬಲಕ್ಕೆ ವಾಲುತ್ತಾನೆ, ಗಂಜಿ ಗಂಟಲಿಗೆ ಹತ್ತಿ ಕೆಮ್ಮುತ್ತಾನೆ. ನೀನು ಒಂದು ಪ್ಲಾಸ್ಟಿಕ್ ಕುರ್ಚಿ, ದಿಂಬು, ಹಲಗೆ ಇಟ್ಟುಕೊಂಡು ತೋರಿಸಿ ನನ್ನ ವಾಟ್ಸಾಪಿಗೆ ಕಳಿಸು. ತುಳುವಿನಲ್ಲಿ ಹೇಳು, ಅವಳಿಗೆ ಕನ್ನಡ ಅಷ್ಟಾಗಿ ಬಾರದು. ಕೆಮ್ಮಿನ ಬಗ್ಗೆ ಡಾಕ್ಟರಿಗೆ ತೋರಿಸಬೇಕಾ ಅಂತಲೂ ಹೇಳು. ಭಾನುವಾರದೊಳಗೆ ಸಿಕ್ಕಿದರೆ ಒಳ್ಳೆಯದು, ಸೋಮವಾರ ಅವಳು ಬೀಡಿ ಕೊಡಲು ಪೇಟೆಗೆ ಬರುತ್ತಾಳೆ.

ಇಂತಿ,
ನಿನ್ನ ದೊಡ್ಡಮ್ಮ