ಡ್ರೋವ್ ಅಂದರೆ ಹಿಂಡು ಕಣೋ

ಪ್ರೀತಿಯ ಗೆಳೆಯಾ,

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ಬಗ್ಗೆ ನೀನು ಇಂಗ್ಲಿಷಿನಲ್ಲಿ ಬರೆದದ್ದನ್ನು ಎರಡು ಸಲ ಓದಿದೆ. ಹಳ್ಳಿಕಾರ್ ತಳಿಯ ಎತ್ತಿನ ಜೋಡಿಯ ಕೊಂಬಿಗೆ ಎಣ್ಣೆ ಸವರುತ್ತಾ ಕೂತ ಅಜ್ಜನ ಭಾಗ ತುಂಬಾ ಹಿಡಿಸಿತು. 'ಪೀಪಲ್ ಕೇಮ್ ಇನ್ ಡ್ರೋವ್' ಅನ್ನುವ ಸಾಲು ಓದಿ ಯಾರೋ ನಕ್ಕರು ಅಂದೆಯಲ್ಲ, ಅದಕ್ಕೆ ನನಗೂ ಬೇಜಾರಾಯ್ತು. ತಪ್ಪಿರುವುದು ಒಂದೇ ಅಕ್ಷರ. ಅದು 'ಇನ್ ಡ್ರೋವ್ಸ್' ಆಗಬೇಕು. ನಾವೂ 'ಹಿಂಡು ಹಿಂಡಾಗಿ ಬಂದರು' ಅಂತೀವಿ ಅಲ್ವಾ? ಒಂದು ಹಿಂಡು ಸಾಲದು, ಅದರ ಬೆನ್ನಿಗೆ ಇನ್ನೊಂದು ಬರಬೇಕು. ಆ ಕೊನೆಯ 'ಸ್' ಮಾಡುವುದು ಅದೇ ಕೆಲಸ.

ಡ್ರೋವ್ ಅಂದರೆ ಹೊಡೆದುಕೊಂಡು ಹೋಗುವ ದನಗಳ ಹಿಂಡು. 'ಡ್ರೈವ್' ಕೂಡ ಅದೇ ಬೇರಿನ ಮಾತು. ನಮ್ಮಲ್ಲೂ ದನ ಹೊಡೆಯೋದು, ಗಾಡಿ ಹೊಡೆಯೋದು, ಎರಡಕ್ಕೂ ಒಂದೇ ಕ್ರಿಯಾಪದ ನೋಡು!

ಹೀಗೆ ದನ ಹೊಡೆದುಕೊಂಡು ಹೋಗುವ ಕಸುಬಿನವರನ್ನು ಬ್ರಿಟನ್ನಿನಲ್ಲಿ ಡ್ರೋವರ್ ಅನ್ನುತ್ತಿದ್ದರು. ಸ್ಕಾಟ್ಲೆಂಡಿನಿಂದ, ವೇಲ್ಸಿನ ಗುಡ್ಡಗಳಿಂದ ಲಂಡನ್ನಿನ ಸ್ಮಿತ್‌ಫೀಲ್ಡ್ ಸಂತೆಯವರೆಗೆ ನೂರಾರು ಮೈಲಿ ದನ ನಡೆಸುತ್ತಿದ್ದರು. ದಾರಿಯಲ್ಲಿ ಗೊರಸು ಸವೆಯಬಾರದು ಅಂತ ಲಾಳ ಕಟ್ಟುತ್ತಿದ್ದರು. ಗೊರಸು ಸೀಳಿರುತ್ತದಲ್ಲ, ಹಾಗಾಗಿ ಒಂದೊಂದು ಕಾಲಿಗೆ ಎರಡೆರಡು ತುಂಡು, ನಮ್ಮ ಎತ್ತುಗಳಿಗೆ ಕಟ್ಟುವ ಹಾಗೆಯೇ. ಹೆಬ್ಬಾತುಗಳನ್ನೂ ನಡೆಸಿಕೊಂಡು ಹೋಗುತ್ತಿದ್ದರು. ಅವುಗಳ ಪಾದ ಗಟ್ಟಿಯಾಗಲಿ ಅಂತ ಮೊದಲು ಟಾರಿನಲ್ಲಿ, ಆಮೇಲೆ ಮರಳಿನಲ್ಲಿ ನಡೆಸುತ್ತಿದ್ದರಂತೆ. ರೈಲು ಬಂದ ಮೇಲೆ ಈ ನಡಿಗೆ ನಿಂತಿತು. 1855ರಲ್ಲಿ ಸ್ಮಿತ್‌ಫೀಲ್ಡಿನ ದನದ ಸಂತೆಯೂ ಊರಾಚೆ ಇಸ್ಲಿಂಗ್ಟನ್ ಕಡೆಗೆ ಹೋಯಿತು. ಮಾತು ಮಾತ್ರ ಉಳಿಯಿತು, ದನ ಹೋಗಿ ಜನ ಬಂದರು.

ಹಿಂಡು ನಡೆಯುವಂಥದ್ದು. ಅದಕ್ಕೇ ಈ ಮಾತು ಬರುವ, ಹೋಗುವ, ಬಿಟ್ಟು ಹೊರಡುವ ಕ್ರಿಯೆಗಳ ಜೊತೆ ಚೆನ್ನಾಗಿ ಕೂರುತ್ತದೆ. 'ದಿ ಫೇರ್ ಡ್ರಾಸ್ ಬೈಯರ್ಸ್ ಇನ್ ಡ್ರೋವ್ಸ್' ಅಂದರೂ ಸರಿ. ಆದರೆ ಜನ 'ಇನ್ ಡ್ರೋವ್ಸ್' ಕೂತಿದ್ದರು ಅಂದರೆ ಹೊಂದುವುದಿಲ್ಲ. ಬಂದವರು ಬರೀ ಐದಾರು ಜನ ಆದರೂ ಇದನ್ನು ಬಳಸಬೇಡ.

ಇನ್ನೊಂದು ಮಾತು. ದೇವಸ್ಥಾನದ ಸಾಲಿನಲ್ಲಿ ನಿಂತ ಭಕ್ತರ ಬಗ್ಗೆ ಬರೆಯುವಾಗ ನಾನಾದರೆ ಸುಮ್ನೆ 'ಇನ್ ಲಾರ್ಜ್ ನಂಬರ್ಸ್' ಅಂತೀನಿ. ಇಂಗ್ಲಿಷಿನಲ್ಲಿ 'ಇನ್ ಡ್ರೋವ್ಸ್' ಬೈಗುಳವೇನಲ್ಲ, ಆದರೂ ಆ ಮಾತಿಗೆ ದನದ ವಾಸನೆ ಇನ್ನೂ ಸ್ವಲ್ಪ ಅಂಟಿಕೊಂಡಿದೆ. ಬೆಳಗಿನ ಜಾವ ಮಂಜಿನಲ್ಲಿ ಎತ್ತುಗಳು ಬಂದಿಳಿದವು ಅಂತ ಬರೆದಿದ್ದೀಯಲ್ಲ, 'ಇನ್ ಡ್ರೋವ್ಸ್' ಅಲ್ಲಿಗೆ ಹಾಕು. ಅದು ಅವುಗಳದ್ದೇ ಮಾತು.

ತಿದ್ದಿದ ಮೇಲೆ ಕಳಿಸು. ಆ ಅಜ್ಜನ ಜೋಡಿ ಕೊನೆಗೆ ಎಷ್ಟಕ್ಕೆ ಹೋಯ್ತು ಅಂತ ನೀನು ಬರೆದೇ ಇಲ್ಲ, ಅದನ್ನೂ ಸೇರಿಸು.

ನಿನ್ನ ಗೆಳೆಯ