ನಿಮ್ಮ ಬೀದಿ ಪಟ್ಟಿಯಲ್ಲಿ ಯಾಕಿಲ್ಲ? ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ನಿನ್ನ ಪತ್ರ ಓದಿದೆ. ಒಂದೊಂದು ಸಾಲಿನಲ್ಲೂ ಸಿಟ್ಟು ಕುದಿಯುತ್ತಿದೆ. ಗುಂಡಿ ಬಿದ್ದ ನಿಮ್ಮ ಬೀದಿಯನ್ನು ಬಿಟ್ಟು, ನೋಡೋಕೆ ಚೆನ್ನಾಗೇ ಇರುವ ಪಕ್ಕದ ಬೀದಿಗೆ ನಗರಸಭೆ ಡಾಂಬರು ಮಂಜೂರು ಮಾಡಿದೆ. ಇದು ಪಕ್ಷಪಾತ ಅಲ್ವಾ ಅಂತ ಕೇಳಿದ್ದೀಯ. ಇರಬಹುದು. ಆದರೆ ಪಕ್ಷಪಾತ ಇಲ್ಲದ ಕಡೆಯೂ ಹೀಗೇ ಆಗುತ್ತದೆ, ಅದಕ್ಕೆ ಕಾರಣವೂ ಇದೆ. ಅದನ್ನು ತಿಳಿದುಕೊಂಡು ಸಭೆಗೆ ಹೋದರೆ ನಿನ್ನ ಮಾತಿಗೆ ತೂಕ ಬರುತ್ತದೆ.

ರಸ್ತೆ ಒಂದೇ ವೇಗದಲ್ಲಿ ಹಾಳಾಗುವುದಿಲ್ಲ. ವರ್ಷಗಟ್ಟಲೆ ಗಟ್ಟಿಯಾಗಿ ನಿಂತಿರುತ್ತದೆ. ಆಮೇಲೆ ಸಣ್ಣ ಬಿರುಕು ಕಾಣುತ್ತದೆ. ಅಲ್ಲಿಂದ ಮುಂದೆ ಅದು ದಡದಡ ಕೆಳಗಿಳಿಯುತ್ತದೆ. ಬಿರುಕಿನ ಹಂತದಲ್ಲಿ ಹಿಡಿದರೆ ಮೇಲೊಂದು ತೆಳುವಾದ ಪದರ ಸಾಕು. ತಳದ ಜಲ್ಲಿಯೇ ಸಡಿಲವಾದ ಮೇಲೆ ಪೂರ್ತಿ ಅಗೆದು ಮತ್ತೆ ಕಟ್ಟಬೇಕು, ಖರ್ಚು ಹಲವು ಪಟ್ಟು. ಇರುವ ಹಣವನ್ನೆಲ್ಲ ಅತಿ ಕೆಟ್ಟ ಬೀದಿಗಳಿಗೇ ಸುರಿದರೆ, ಅಷ್ಟರಲ್ಲಿ ಚೆನ್ನಾಗಿದ್ದ ಬೀದಿಗಳು ಒಂದೊಂದಾಗಿ ಆ ಸಾಲಿಗೆ ಬಂದು ಸೇರುತ್ತವೆ. ಹಾಗಾಗಿಯೇ ಪಕ್ಕದ ಬೀದಿಗೆ ಈಗಲೇ ಡಾಂಬರು ಹಾಕುವುದರಲ್ಲಿ ಅರ್ಥವಿದೆ.

ಹಾಗಂತ ನಿಮ್ಮ ಬೀದಿ ಸುಮ್ನೆ ಕೊಳೆಯುತ್ತಿರಲಿ ಅಂತ ನಾನು ಹೇಳುತ್ತಿಲ್ಲ. ಆ ಲೆಕ್ಕ ಹಿಡಿದುಕೊಂಡು ಕೆಟ್ಟ ಬೀದಿಯನ್ನು ಕೊನೆಯವರೆಗೂ ಕಾಯಿಸುವುದು ಅನ್ಯಾಯವೇ. ಹಣದ ಒಂದು ಪಾಲು ಚೆನ್ನಾಗಿರುವ ರಸ್ತೆ ಉಳಿಸಿಕೊಳ್ಳೋಕೆ, ಇನ್ನೊಂದು ಪಾಲು ಕೆಟ್ಟಿದ್ದನ್ನು ಹೊಸದಾಗಿ ಕಟ್ಟೋಕೆ ಅಂತ ಮೊದಲೇ ತೆಗೆದಿಡಬೇಕು. ಸಭೆಯಲ್ಲಿ ನೀನು ಕೇಳಬೇಕಾದ ಮೊದಲ ಪ್ರಶ್ನೆ ಇದೇ: ನಮ್ಮ ಬೀದಿ ಯಾವ ಪಾಲಿನಲ್ಲಿದೆ, ಯಾವ ವರ್ಷದ ಪಟ್ಟಿಯಲ್ಲಿದೆ?

ಆದರೆ ಡಾಂಬರು ಕೇಳುವ ಮುಂಚೆ ಒಮ್ಮೆ ಮಳೆ ಬರುವಾಗ ಬೀದಿಯಲ್ಲಿ ನಿಂತು ನೋಡು. ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಹರಿಯುತ್ತದೆ? ಗುಂಡಿ ಬೀಳುವುದು ಹೀಗೆ: ಬಿರುಕಿನಿಂದ ನೀರು ಒಳಗೆ ಇಳಿಯುತ್ತದೆ, ತಳದ ಮಣ್ಣು ಮೆತ್ತಗಾಗುತ್ತದೆ, ಚಕ್ರ ಒತ್ತಿದಾಗಲೆಲ್ಲ ಆ ಮಣ್ಣು ನೀರಿನ ಜೊತೆ ಮೇಲೆ ಚಿಮ್ಮುತ್ತದೆ. ಒಳಗೆ ಟೊಳ್ಳಾದ ಮೇಲೆ ಮೇಲಿನ ಡಾಂಬರು ಕುಸಿಯುತ್ತದೆ. ರಸ್ತೆ ಕಟ್ಟುವುದರಲ್ಲಿ ಹೆಸರಾದ ಸ್ಕಾಟ್ಲೆಂಡಿನ ಜಾನ್ ಮೆಕಾಡಮ್ 19ನೇ ಶತಮಾನದ ಆರಂಭದಲ್ಲೇ ಇದನ್ನು ಸಾರಿ ಹೇಳಿದ್ದ. ಭಾರ ಹೊರುವುದು ಕೆಳಗಿನ ನೆಲವೇ, ಅದು ಒಣಗಿದ್ದರೆ ಸಾಕು, ಎಂಥ ಭಾರವನ್ನೂ ತಡೆಯುತ್ತದೆ ಎಂಬುದು ಅವನ ವಾದ. ಇಷ್ಟು ಹಳೆಯ ಮಾತು ಇವತ್ತಿಗೂ ಎಷ್ಟೋ ಠರಾವುಗಳಲ್ಲಿ ಇಲ್ಲ. ಚರಂಡಿ ಕಟ್ಟಿಕೊಂಡಿರುತ್ತದೆ, ಅದರ ಪಕ್ಕದಲ್ಲೇ ಹೊಸ ಡಾಂಬರು ಮಿರಿಮಿರಿ ಮಿಂಚುತ್ತಿರುತ್ತದೆ. ಚರಂಡಿ ಸರಿಮಾಡದೆ ಹಾಕಿದ ಡಾಂಬರು ತೂತು ಬಿಂದಿಗೆಗೆ ಬಣ್ಣ ಬಳಿದ ಹಾಗೆ. ಅದಕ್ಕೇ ಅರ್ಜಿಯಲ್ಲಿ ಮೊದಲು ಚರಂಡಿ, ಆಮೇಲೆ ರಸ್ತೆ ಅಂತ ಬರಿ.

ಇನ್ನು ಅಗೆತದ ಕಥೆ. ಡಾಂಬರು ಆರುವುದರೊಳಗೆ ಪೈಪಿನವರು ಬರುತ್ತಾರೆ, ಅವರ ಹಿಂದೆ ಕೇಬಲ್ಲಿನವರು. ನೀನು ಬರೆದಿದ್ದು ಓದಿ ನಗು ಬಂತು, ಆದರೆ ನಗುವ ವಿಷಯ ಅಲ್ಲ. ಒಂದು ಸಲ ಸೀಳಿದ ರಸ್ತೆಯನ್ನು ಎಷ್ಟು ಮುಚ್ಚಿದರೂ ಮೊದಲಿನಷ್ಟು ಗಟ್ಟಿ ಆಗುವುದಿಲ್ಲ. ಮಣ್ಣನ್ನು ಪದರ ಪದರವಾಗಿ ಹಾಕಿ, ಪ್ರತಿ ಪದರವನ್ನೂ ದಮ್ಮಸ್ಸು ಮಾಡಿದರೆ ತಕ್ಕಮಟ್ಟಿಗೆ ನಿಲ್ಲುತ್ತದೆ. ಎಲ್ಲವನ್ನೂ ಒಟ್ಟಿಗೆ ಸುರಿದು ಮೇಲೆ ಒಂದು ಸಲ ಒತ್ತಿ ಹೋದರೆ, ಮುಂದಿನ ಮಳೆಗೆ ಅಲ್ಲೇ ಉದ್ದಕ್ಕೆ ಒಂದು ತಗ್ಗು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹೊಸದಾಗಿ ಡಾಂಬರು ಹಾಕಿದ ಬೀದಿಯನ್ನು 5 ವರ್ಷ ಅಗೆಯಬಾರದು ಎಂಬ ನಿಯಮವಿದೆ, ತುರ್ತು ಕೆಲಸ ಬಿಟ್ಟು. ಅಂಥ ನಿಯಮ ತರೋಕೆ ದೊಡ್ಡ ಹಣವೇನೂ ಬೇಡ. ಬೇಕಾಗಿರುವುದು ಎಲ್ಲ ಇಲಾಖೆಯವರು ಒಂದೇ ಮೇಜಿನ ಸುತ್ತ ಕೂತು ತಮ್ಮ ಅಗೆತದ ಪಟ್ಟಿಗಳನ್ನು ತಾಳೆ ನೋಡುವುದು. ಅದೇ ಕಷ್ಟ ಅನ್ನು!

ಗುಂಡಿ ಮುಚ್ಚುವವರು ಬಂದಾಗಲೂ ಸ್ವಲ್ಪ ಗಮನ ಇಡು. ಗುಂಡಿಯ ಅಂಚನ್ನು ನೆಟ್ಟಗೆ ಕತ್ತರಿಸಿ, ನೀರು ಧೂಳು ತೆಗೆದು, ಅಂಟು ಡಾಂಬರು ಬಳಿದು, ಬಿಸಿ ಮಿಶ್ರಣ ತುಂಬಿ ರೋಲರ್ ಹೊಡೆಯಬೇಕು. ಮಿಶ್ರಣ ತಣ್ಣಗಾದ ಮೇಲೆ ರೋಲರ್ ಹೊಡೆದರೆ ಅದು ಸರಿಯಾಗಿ ಕೂರುವುದೇ ಇಲ್ಲ. ನೀರು ನಿಂತ ಗುಂಡಿಗೆ ಸಲಿಕೆಯಿಂದ ಎಸೆದು ಹೋದರೆ ಅದು ರಿಪೇರಿ ಅಲ್ಲ, ಫೋಟೋ ತೆಗೆಯೋಕೆ ಮಾಡಿದ ಕೆಲಸ.

ರಸ್ತೆ ಹಾಳಾಗುವುದು ಕಾರುಗಳಿಂದ ಅಂತ ನಿಮ್ಮ ಬೀದಿಯವರು ಕೂಗಾಡುತ್ತಾರೆ ಅಂದೆಯಲ್ಲ, ಅದರಲ್ಲಿ ಅರ್ಥವಿಲ್ಲ. ಅಮೆರಿಕದ ಇಲಿನಾಯ್‌ನಲ್ಲಿ 1958ರಿಂದ 1960ರವರೆಗೆ ಲಾರಿಗಳನ್ನು ಓಡಿಸಿ ಓಡಿಸಿ ಒಂದು ದೊಡ್ಡ ಪರೀಕ್ಷೆ ಮಾಡಿದರು. ಒಂದು ಆಕ್ಸಲ್ (ಎರಡು ಬದಿಯ ಚಕ್ರಗಳನ್ನು ಜೋಡಿಸುವ ಅಚ್ಚು) ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಸುಮಾರು 16 ಪಟ್ಟಾಗುತ್ತದೆ ಅಂತ ಅದರಿಂದ ತಿಳಿಯಿತು. ಕಾರಿನ ಆಕ್ಸಲ್‌ಗೆ 1 ಟನ್, ತುಂಬಿದ ಲಾರಿಯ ಆಕ್ಸಲ್‌ಗೆ 10 ಟನ್ ಅಂದುಕೋ, ಅದೇ ಲೆಕ್ಕದಲ್ಲಿ (10×10×10×10) ಹಾನಿ 10,000 ಪಟ್ಟು! ಒಳಬೀದಿಗೆ ಭಾರಿ ಲಾರಿ ಬರದಂತೆ ತಡೆದರೆ ಅದೇ ಅರ್ಧ ರಿಪೇರಿ.

ಇನ್ನೊಂದು ವಿಷಯ. ಸಭೆಯಲ್ಲಿ ಒಪ್ಪಿಗೆ ಸಿಕ್ಕಿತು ಅಂದ ತಕ್ಷಣ ಕೆಲಸ ಆಯಿತು ಅಂದುಕೊಳ್ಳಬೇಡ. ಒಪ್ಪಿಗೆಗೂ ರೋಲರ್‌ಗೂ ನಡುವೆ ಅಂದಾಜು ಪಟ್ಟಿ, ಟೆಂಡರ್, ಕಾರ್ಯಾದೇಶ ಎಲ್ಲ ಇವೆ. ಎಷ್ಟೋ ಬೀದಿಗಳು ಅಲ್ಲೇ ಎಲ್ಲೋ ಕಳೆದುಹೋಗುತ್ತವೆ. ಸಭೆಯ ನಡಾವಳಿಯ ಪ್ರತಿ ಕೇಳಿ ಓದು. ರಸ್ತೆ ಇಷ್ಟು ವರ್ಷದೊಳಗೆ ಕೆಟ್ಟರೆ ಗುತ್ತಿಗೆದಾರನೇ ಸ್ವಂತ ಖರ್ಚಿನಲ್ಲಿ ಸರಿಮಾಡಬೇಕು ಎಂಬ ಷರತ್ತು ಒಪ್ಪಂದದಲ್ಲಿ ಇದೆಯಾ ನೋಡು. ಇದ್ದರೂ ಯಾರೂ ನೆನಪಿಸದೆ ಅವಧಿ ಮುಗಿದುಹೋಗುವುದೇ ಜಾಸ್ತಿ.

ಜೋರಾಗಿ ಕೂಗಿದ ವಾರ್ಡಿಗೆ ಮೊದಲು ಅನ್ನುವ ನಿನ್ನ ದೂರು ಮಾತ್ರ ನಿಜ. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರದಲ್ಲಿ 1989ರಲ್ಲಿ ಇದಕ್ಕೊಂದು ದಾರಿ ಹುಡುಕಿದರು. ಪ್ರತಿ ಪ್ರದೇಶದ ಜನ ಸೇರಿ ತಮಗೆ ಮೊದಲು ಏನು ಬೇಕು ಅಂತ ಆರಿಸುತ್ತಿದ್ದರು. ಹಣ ಹಂಚುವಾಗ ಜನಸಂಖ್ಯೆಯ ಜೊತೆ, ಯಾವ ಕಡೆ ಸೌಕರ್ಯ ಎಷ್ಟು ಕಡಿಮೆ ಇದೆ ಅನ್ನುವುದಕ್ಕೂ ಅಂಕ ಇರುತ್ತಿತ್ತು. ಹೀಗಾಗಿ ಹಿಂದುಳಿದ ಬಡಾವಣೆಗಳ ಬೀದಿ, ಚರಂಡಿಗಳಿಗೂ ಹಣ ಬಂತು. ನಿಮ್ಮಲ್ಲಿ ಅಷ್ಟು ದೊಡ್ಡ ಬದಲಾವಣೆ ಒಂದೇ ಸಲಕ್ಕೆ ಬರಲಿಕ್ಕಿಲ್ಲ. ಯಾವ ಲೆಕ್ಕದ ಮೇಲೆ ಬೀದಿಗಳನ್ನು ಆರಿಸಿದ್ದೀರಿ ಅಂತ ಬರಹದಲ್ಲಿ ಕೇಳೋಕೆ ಏನು ಅಡ್ಡಿ? ಲೆಕ್ಕ ಇದ್ದರೆ ಕೊಡುತ್ತಾರೆ. ಇಲ್ಲದಿದ್ದರೆ ಅದೂ ಗೊತ್ತಾಗುತ್ತದೆ, ಆಗ ಪಕ್ಷಪಾತದ ಮಾತು ಎತ್ತು, ನಾನೂ ನಿನ್ನ ಜೊತೆ ಇರುತ್ತೇನೆ.

ಅರ್ಜಿಯ ಕರಡು ಬರೆದು ಕಳಿಸು, ತಿದ್ದಿಕೊಡುತ್ತೇನೆ. ಬೈಗುಳ ಬೇಡ. ಬೀದಿಯ ಉದ್ದ, ನೀರು ನಿಲ್ಲುವ ಜಾಗ, ಹಿಂದಿನ ಸಲ ಡಾಂಬರು ಹಾಕಿದ ವರ್ಷ, ಯಾರು ಯಾವಾಗ ಅಗೆದರು, ಇಷ್ಟಿರಲಿ. ಅಕ್ಕಪಕ್ಕದವರ ಸಹಿಯನ್ನೂ ಹಾಕಿಸು, ಪಕ್ಕದ ಬೀದಿಯವರದ್ದೂ ಸೇರಿಸಿ.

ಇಂತಿ ನಿನ್ನ
ಗೆಳೆಯ