ಲ್ಯಾಬಿಗೆ ಸೇರಿದ ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿಗೆ,

‘ಆಯಿ, ಸೋಮವಾರದಿಂದ ಕಚ್ಚಾವಸ್ತುಗಳ ಪರೀಕ್ಷೆ ನಂದೇ, ಸಹಿನೂ ನಂದೇ’ ಅಂತ ನಿನ್ನೆ ಫೋನಿನಲ್ಲಿ ಹೇಳಿದೆಯಲ್ಲ, ಕೇಳಿ ಖುಷಿಯಾಯಿತು. ನನ್ನ ಮಗಳು ಸಹಿ ಹಾಕದೆ ಆ ಕಾರ್ಖಾನೆಯಲ್ಲಿ ಸಿರಪ್ಪು ತಯಾರಾಗುವುದಿಲ್ಲ ಅಂತ ಬೆಳಿಗ್ಗೆ ಡೇರಿಗೆ ಹಾಲು ಹಾಕಲು ಬಂದವರಿಗೆಲ್ಲ ಹೇಳಿದೆ. ಆದರೆ ರಾತ್ರಿಯಿಡೀ ನಿದ್ದೆ ಹತ್ತಿರಲಿಲ್ಲ. ನೀನು ಹೊರಟ ದಿನ ಬಸ್ ಸ್ಟ್ಯಾಂಡಿನಲ್ಲಿ ಆಡಿದ ಮಾತು ಇಬ್ಬರಿಗೂ ನೆನಪಿದೆ, ಅದನ್ನಿಲ್ಲಿ ಎತ್ತುವುದಿಲ್ಲ. ಅಷ್ಟು ಜನರ ಎದುರು ನಾನು ದನಿ ಏರಿಸಬಾರದಿತ್ತು, ಅಷ್ಟೆ.

ಒಂಬತ್ತನೇ ಕ್ಲಾಸಿಗೆ ಎಷ್ಟೋ ವರ್ಷ ನಾನು ಶುದ್ಧ ವಸ್ತು, ಮಿಶ್ರಣ ಅಂತ ಪಾಠ ಮಾಡಿದೆ. ಶುದ್ಧ ವಸ್ತುವಿಗೆ ಖಚಿತವಾದ ಕರಗುವ ಬಿಂದು ಇರುತ್ತದೆ. ಶುದ್ಧ ಪ್ಯಾರಾಸಿಟಮಾಲ್ ಸುಮಾರು 170 ಡಿಗ್ರಿಗೆ ತಟ್ಟನೆ ಕರಗುತ್ತದೆ. ಬೇರೇನೋ ಸೇರಿದ್ದರೆ ಮೊದಲೇ ಶುರುವಾಗಿ ಎಳೆದಾಡುತ್ತದೆ. ಮಿಶ್ರಣ ಅಂದರೆ ಮರಳು ಮತ್ತು ಉಪ್ಪು. ಸೋಸು, ಇಂಗಿಸು, ಪಾಠ ಮುಗೀತು. ಫಾರ್ಮುಲೇಷನ್, ಅಂದರೆ ಔಷಧಕ್ಕೆ ಬೇರೆ ಸಾಮಾನು ಸೇರಿಸಿ ಮಾಡಿದ ಮಾತ್ರೆ, ಸಿರಪ್ಪು, ಇದರ ಬಗ್ಗೆ ನನ್ನ ಪುಸ್ತಕದಲ್ಲಿ ಒಂದು ಸಾಲೂ ಇರಲಿಲ್ಲ. ಅದೂ ಮಿಶ್ರಣವೇ, ಆದರೆ ಅಳೆದು ಬೆರೆಸಿದ್ದು, ಒಂದೊಂದಕ್ಕೂ ಒಂದು ಕೆಲಸ. ಪಿಷ್ಟ ಹಾಕುವುದು ಮಾತ್ರೆ ಹೊಟ್ಟೆಯಲ್ಲಿ ಒಡೆಯಲಿ ಅಂತ, ಮೆಗ್ನೀಸಿಯಂ ಸ್ಟಿಯರೇಟ್ ಹಾಕುವುದು ಅಚ್ಚಿಗೆ ಅಂಟದಿರಲಿ ಅಂತ. ಇದನ್ನೆಲ್ಲ ನಾನು ಕಲಿತದ್ದು ನಿನ್ನಿಂದ.

ನನ್ನ ಹೆದರಿಕೆ ಸಿರಪ್ಪಿನದು. ಮಕ್ಕಳ ಸಿರಪ್ಪಿನಲ್ಲಿ 5 ಮಿಲಿಗೆ 125 ಮಿಲಿಗ್ರಾಂ ಪ್ಯಾರಾಸಿಟಮಾಲ್ ಅಂತ ಬರೆದಿರುತ್ತದೆ. ಬರೀ ನೀರಿನಲ್ಲಿ ಅಷ್ಟು ಕರಗುವುದಿಲ್ಲ. ಅದಕ್ಕೇ ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್ ಬೇಕು. ಔಷಧವೇ ಅಲ್ಲದ ಸಾಮಾನು ಅಂತ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಡೈಇಥಿಲೀನ್ ಗ್ಲೈಕಾಲ್ ಅನ್ನುವ ವಿಷ ನುಗ್ಗುವುದು ಅಲ್ಲೇ. ಅದಕ್ಕೂ ಬಣ್ಣವಿಲ್ಲ. ಅದೂ ಮಂದ, ಅದೂ ಸಿಹಿ. ಕಣ್ಣಿಗೆ ಕಾಣುವುದಿಲ್ಲ, ಸೋಸಿದರೆ ಸಿಗುವುದಿಲ್ಲ. ಮಗುವಿಗೆ ಮೂತ್ರ ನಿಂತಾಗಲೇ ಗೊತ್ತಾಗುವುದು.

1937ರಲ್ಲಿ ಅಮೆರಿಕದಲ್ಲಿ ಸಲ್ಫನಿಲಮೈಡ್ ಔಷಧವನ್ನು ಅದರಲ್ಲೇ ಕರಗಿಸಿ ಮಾರಿದರು. ರುಚಿ ನೋಡಿದ್ದರು, ಪರಿಮಳ ನೋಡಿದ್ದರು. ವಿಷವೋ ಅಲ್ಲವೋ ಅಂತ ಮಾತ್ರ ನೋಡಿರಲಿಲ್ಲ. ನೂರಕ್ಕೂ ಹೆಚ್ಚು ಜನ ಸತ್ತರು, ಮರುವರ್ಷ ಕಾನೂನು ಬಂತು. 1986ರಲ್ಲಿ ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ ಇದು ಬೆರೆತ ಗ್ಲಿಸರಿನ್ ಕುಡಿಸಿ 14 ರೋಗಿಗಳು ಹೋದರು. 2022ರಲ್ಲಿ ಗ್ಯಾಂಬಿಯಾದ ಮಕ್ಕಳು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದ ಮಕ್ಕಳು.

ನೋಡು, ಮತ್ತೆ ಪಾಠಕ್ಕೇ ಬಂದೆ. ಆದರೆ ಛಿಂದ್ವಾಡ ತಲೆಯಿಂದ ಹೋಗುತ್ತಿಲ್ಲ ಪುಟ್ಟಿ. ಆ ವಿಷ ಇರಬಹುದಾದ ಮಿತಿ ಶೇಕಡಾ 0.1. ಆ ಮಕ್ಕಳು ಕುಡಿದ ಸಿರಪ್ಪಿನ ಬಾಟಲಿಯಲ್ಲಿ ಸಿಕ್ಕಿದ್ದು 48.6. ಹತ್ತಿರ ಹತ್ತಿರ ಅರ್ಧ! ಆ ತಾಯಂದಿರು ಮುಚ್ಚಳದ ಗೆರೆ ನೋಡಿ ನೋಡಿ, ಒಂದು ಹನಿ ಜಾಸ್ತಿಯಾಗದ ಹಾಗೆ ಅಳೆದು ಕುಡಿಸಿರುತ್ತಾರೆ, ಅಲ್ವಾ? ಅಳತೆಯಲ್ಲಿ ಅವರದೇನೂ ತಪ್ಪಿರಲಿಲ್ಲ. ಯಾವುದೋ ಲ್ಯಾಬಿನಲ್ಲಿ ಯಾರೋ ಒಬ್ಬರು ನೋಡಬೇಕಾಗಿದ್ದನ್ನು ನೋಡಲಿಲ್ಲ. ಈಗ ಆ ಜಾಗದಲ್ಲಿ ನೀನು ಕೂತಿದ್ದೀಯ.

ಅಪ್ಪಯ್ಯ ಓದಿದ್ದು ಏಳನೇ ಕ್ಲಾಸು. ಅಡಿಕೆಗೆ ಹೊಡೆಯುವ ಅವರ ಬೋರ್ಡೋ ದ್ರಾವಣ ನಿನಗೇ ಗೊತ್ತಲ್ಲ, 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮಳೆ ಕವಿದು ಎಷ್ಟೇ ಅವಸರವಾದರೂ ಕತ್ತಿ ಅದ್ದಿ ನೋಡದೆ ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡನ ಕೈಗೆ ಕೊಡುವುದಿಲ್ಲ. ಕತ್ತಿ ಕೆಂಪಗಾದರೆ ಇನ್ನಷ್ಟು ಸುಣ್ಣ. ಅದು ಸ್ಥಾನಪಲ್ಲಟ ಕ್ರಿಯೆ ಅಂತ ನಾನು ಹೇಳಿದರೆ ‘ಇರಲಿ, ಸುಣ್ಣ ತಾ’ ಅನ್ನುತ್ತಾರೆ.

ಹಾಗಾಗಿ ಬೇಜಾರು ಮಾಡಿಕೊಳ್ಳದೆ ಕೇಳು. ಸಪ್ಲೈಯರ್ ಕಳಿಸಿದ ಸರ್ಟಿಫಿಕೇಟ್ ನೋಡಿ ಸಹಿ ಹಾಕಬೇಡ. ಮಷೀನು ಕೆಟ್ಟಿದೆ, ನಾಳೆ ನೋಡೋಣ ಅಂದರೆ ಡ್ರಮ್ಮೂ ನಾಳೆಯೇ ಒಳಗೆ ಹೋಗಲಿ. ಮೇಲಿನವರು ಬೈದರೆ ಬೈಯಲಿ. ಕೆಲಸ ಹೋದರೆ ಮನೆಗೆ ಬಾ, ಇಲ್ಲಿ ಅನ್ನಕ್ಕೇನೂ ಕಡಿಮೆಯಿಲ್ಲ. ಹೀಗೆ ಹೇಳುವುದು ಸುಲಭ. ನಿನ್ನ ಲೋನಿನ ಕಂತು ಎಷ್ಟು ಅಂತ ನನಗೂ ಗೊತ್ತು.

ಭಾನುವಾರ ಫೋನ್ ಮಾಡಿದಾಗ ಪಿಜಿ ಊಟದ ಕಥೆ ಆಮೇಲೆ ಹೇಳು. ಮೊದಲು ಇದನ್ನು ಹೇಳು: ಹತ್ತು ಡ್ರಮ್ ಬಂದರೆ ಹತ್ತರಿಂದಲೂ ಮಾದರಿ ತೆಗೆಯುತ್ತೀರಾ, ಇಲ್ಲಾ ಒಂದನ್ನು ನೋಡಿ ಹತ್ತಕ್ಕೂ ಚೀಟಿ ಅಂಟಿಸುತ್ತೀರಾ?

ಇಂತಿ,
ನಿನ್ನ ಆಯಿ